ಚರ್ಚಾಸ್ಪರ್ಧೆಯೂ ಆಲಿಸುವ ಕಿವಿಯೂ

ಶಾಲಾ ವಾರ್ಷಿಕೋತ್ಸವ ಸಮೀಪಿಸಿತೆಂದರೆ ಚರ್ಚಾಸ್ಪರ್ಧೆಯ ಸಡಗರ ಮೊದಲಾಗುತ್ತದೆ. ‘ವಿಜ್ಞಾನ ವರವೋ ಶಾಪವೋ’, ‘ಗ್ರಾಮಜೀವನ ಲೇಸೋ ನಗರಜೀವನ ಲೇಸೋ’ ಎಂಬ ವಿಷಯಗಳಿಗೆ ಮುಪ್ಪೆಂಬುದಿಲ್ಲ. ಪರವಾಗಿ ಒಬ್ಬ, ವಿರೋಧವಾಗಿ ಒಬ್ಬ. ಮೊದಲು ಎಚ್ಚರಿಕೆಯ ಗಂಟೆ, ಬಳಿಕ ಕೊನೆಯ ಗಂಟೆ. ಗೆದ್ದ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಆ ವರ್ಷ ಪರ್ಯಾಯ ಫಲಕ ಮೆರೆಯುತ್ತದೆ.

ವೇದಿಕೆಯ ಹಿಂದೆ ನಡೆಯುವುದು ಬೇರೆ. ಅನೇಕ ಕಡೆ ಭಾಷಣವನ್ನು ಅಧ್ಯಾಪಕರೋ ತಂದೆಯೋ ಬರೆದುಕೊಡುತ್ತಾರೆ. ಮಗು ಅದನ್ನು ಕಂಠಪಾಠ ಮಾಡುತ್ತದೆ. ಎಲ್ಲಿ ಸ್ವರವೇರಿಸಬೇಕು, ಎಲ್ಲಿ ಕೈಯೆತ್ತಬೇಕು ಎಂಬುದೂ ನಿಶ್ಚಿತ. ಪ್ರತಿಪಕ್ಷದವನು ಬಾಯಿ ತೆರೆಯುವುದಕ್ಕೆ ಹದಿನೈದು ದಿನ ಮೊದಲೇ ಅವನ ಮಾತಿನ ಖಂಡನೆ ಸಿದ್ಧವಾಗಿರುತ್ತದೆ! ನಡುವೆ ಒಂದು ಪದ ಮರೆತರೆ ಮಗು ಮೊದಲಿನಿಂದ ಆರಂಭಿಸುತ್ತದೆ, ಮತ್ತೆ ಅಲ್ಲಿಯೇ ನಿಲ್ಲುತ್ತದೆ, ಸಭೆ ನಗುತ್ತದೆ. ಮಾತು ತನ್ನದೇ ಆಗಿದ್ದರೆ ಒಂದು ಪದ ಜಾರಿದಾಗ ಇನ್ನೊಂದು ಒದಗುತ್ತಿತ್ತು. ಆ ನಗೆಯನ್ನು ಕೇಳಿದ ಎಷ್ಟೋ ಮಕ್ಕಳು ಮರಳಿ ಸಭೆಯ ಮುಂದೆ ನಿಲ್ಲುವುದೇ ಇಲ್ಲ.

ವಾದವನ್ನು ನಮ್ಮ ಪ್ರಾಚೀನರು ಶಾಸ್ತ್ರವಾಗಿಯೇ ಬೆಳೆಸಿದ್ದರು. ಗೌತಮನ ನ್ಯಾಯಸೂತ್ರದ 16 ಪದಾರ್ಥಗಳಲ್ಲಿ ವಾದ, ಜಲ್ಪ, ವಿತಂಡೆ, ಹೇತ್ವಾಭಾಸ, ಛಲ, ಜಾತಿ, ನಿಗ್ರಹಸ್ಥಾನಗಳೆಂಬ 7 ಚರ್ಚೆಗೇ ಸಂಬಂಧಿಸಿದವು. (ಇಲ್ಲಿ ಜಾತಿಯೆಂದರೆ ಹುರುಳಿಲ್ಲದ ಪ್ರತ್ಯುತ್ತರ, ಬೇರೇನೂ ಅಲ್ಲ.) ತತ್ತ್ವವನ್ನರಿಯಲು ನಡೆಯುವುದು ವಾದ; ಗೆಲ್ಲಲೆಂದೇ ನಡೆಯುವುದು ಜಲ್ಪ; ತನ್ನದೆಂಬ ಪಕ್ಷವಿಲ್ಲದೆ ಪರರದನ್ನು ಕೆಡಹುವುದು ವಿತಂಡೆ. ಛಲಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ನಿದರ್ಶನ ಸೊಗಸಾಗಿದೆ. ‘ಇವನದು ನವಕಂಬಲ’, ಅಂದರೆ ಹೊಸ ಕಂಬಳಿ, ಎಂದು ಒಬ್ಬನೆನ್ನಲು, ‘ಒಂದೇ ಇದೆಯಲ್ಲ, ಒಂಬತ್ತೆಲ್ಲಿ?’ ಎಂದು ಇನ್ನೊಬ್ಬನು ಕೇಳುತ್ತಾನೆ. ಇಂಥ ಮಾತಿಗೆ ಇಂದಿನ ಸಭೆಯಲ್ಲಿಯೂ ಚಪ್ಪಾಳೆ ಸಿಗುವುದು ಖಂಡಿತ.

ಸೋಲಿನ ಎಡೆಗಳಾದ ನಿಗ್ರಹಸ್ಥಾನಗಳು 22. ಅವುಗಳಲ್ಲಿ ಒಂದು ‘ಅನನುಭಾಷಣ’. ಪ್ರತಿವಾದಿ ಮೂರು ಸಲ ಹೇಳಿ, ಸಭೆಗೆ ಅರ್ಥವಾದ ಮಾತನ್ನು ಮರಳಿ ಹೇಳಲಾರದವನು ಸೋತಂತೆಯೇ ಸರಿ. ಈ ಒರೆಗಲ್ಲಿಗೆ ತಿಕ್ಕಿದರೆ ಎಷ್ಟು ಫಲಕಗಳನ್ನು ಹಿಂದಿರುಗಿಸಬೇಕಾದೀತೋ! ವಿಷಯ, ಭಾಷೆ, ಉಚ್ಚಾರಣೆ, ಹಾವಭಾವಗಳಿಗೆ ಅಂಕವಿಡುವ ತೀರ್ಪುಗಾರರು ಆಲಿಸುವಿಕೆಗೂ ಅಂಕವಿಟ್ಟರೆ ಬರೆದುಕೊಟ್ಟ ಭಾಷಣದ ಬೆಲೆ ತಾನಾಗಿ ಇಳಿಯುತ್ತದೆ. ವಿರೋಧಿಸುವವನು ಮೊದಲು ಎದುರಾಳಿಯ ಪಕ್ಷವನ್ನು ಅವನೇ ತಲೆದೂಗುವಂತೆ ನಿರೂಪಿಸಲಿ, ಬಳಿಕ ಖಂಡಿಸಲಿ. ಪರವೋ ವಿರೋಧವೋ ಎಂಬುದನ್ನು ವೇದಿಕೆಯೇರುವ ಮುನ್ನ ಚೀಟಿಯೆತ್ತಿ ಗೊತ್ತುಮಾಡಲಿ. ಹಾಗಾದಾಗ ಎರಡು ಪಕ್ಷಗಳನ್ನೂ ಓದಿಕೊಳ್ಳದೆ ಗತಿಯಿಲ್ಲ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಓದಲು ಶಾಲೆಯ ವಾಚನಾಲಯವೊಂದೇ ಆಸರೆ. ಬೆಳ್ಳಿಯ ಬಟ್ಟಲನ್ನು ನೀಡಬಯಸುವ ದಾನಿಗಳು ಇದನ್ನು ಅವಶ್ಯ ಗಮನಿಸಬೇಕು.

ವಾದವನ್ನು ಯಾರೊಡನೆ ನಡೆಸಬೇಕೆಂಬುದನ್ನೂ ಗೌತಮನು ಹೇಳಿದ್ದಾನೆ: ಶಿಷ್ಯ, ಗುರು, ಸಹಪಾಠಿ ಮೊದಲಾದ, ಅಸೂಯೆಯಿಲ್ಲದವರೊಡನೆ. ಗುರುವೂ ಆ ಪಟ್ಟಿಯಲ್ಲಿದ್ದಾನೆ. ತರಗತಿಯಲ್ಲಿ ‘ಗುರುಗಳೇ, ತಾವು ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ’ ಎಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಸಂಜೆ ಅದೇ ಹುಡುಗನಿಗೆ ವಿರೋಧಪಕ್ಷದ ಭಾಷಣ ಬರೆದುಕೊಡುವ ಅಧ್ಯಾಪಕರೂ ಉಂಟು.