ಅಳತೆಯಿಟ್ಟ ಔದಾರ್ಯ

ಇಟಲಿಯ ಬೊಲೋನ್ಯಾದಲ್ಲಿ ಮಳೆ ಬಂದರೆ ಓಡಬೇಕಿಲ್ಲ. ಬೀದಿಯ ಬದಿಗೆ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದನ್ನು ಹೊತ್ತ ಕಂಬ ಕಮಾನುಗಳ ಸಾಲಿನಡಿ ನಡೆದುಹೋದರೆ ಆಯಿತು. ಆ ಸಾಲಿಗೆ ಅಲ್ಲಿಯವರು ಪೋರ್ತಿಕೊ ಎನ್ನುತ್ತಾರೆ. ಊರಲ್ಲಿ ಇಂಥ ದಾರಿ ಒಟ್ಟು 62 ಕಿ.ಮೀ. ಇದೆ, 2021ರಲ್ಲಿ ಯುನೆಸ್ಕೊ ಅದರ ಆಯ್ದ ಭಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಉದ್ದಕ್ಕಿಂತ ದೊಡ್ಡದಾಗಿ ಕಂಡದ್ದು ಅದರ ಹಿಂದಿನ ಕರಾರು. ಕಂಬ ಊರಿದ ನೆಲ ಮನೆಯವರದು, ದುರಸ್ತಿಯ ಖರ್ಚೂ ಅವರದೇ. ನಡೆಯುವ ಹಕ್ಕು ಮಾತ್ರ ಊರಿಗೆಲ್ಲ ಸೇರಿದ್ದು.

ಬೆಳಿಗ್ಗೆ ಸ್ತ್ರಾದಾ ಮಜ್ಜೋರೆ ಬೀದಿಯಲ್ಲಿ ಇಜೋಲಾನಿ ಮನೆಯೆದುರು ನಿಂತಾಗ ಈ ಕರಾರಿನ ಬಾಲ್ಯ ಕಣ್ಣೆದುರಿಗೆ ಬಂತು. 13ನೆಯ ಶತಮಾನದ ಮನೆ. ಸುಮಾರು 9 ಮೀಟರ್ ಎತ್ತರದ ಓಕ್ ಮರದ ಕಂಬಗಳು ಇಂದಿಗೂ ಮೇಲಂತಸ್ತನ್ನು ಹೊತ್ತಿವೆ. ಬೊಲೋನ್ಯಾದ ವಿಶ್ವವಿದ್ಯಾಲಯ 1088ರಷ್ಟು ಹಳೆಯದೆಂದು ಹೇಳಿಕೊಳ್ಳುತ್ತದೆ. ವಿದ್ಯಾರ್ಥಿಗಳು, ಕಸುಬುದಾರರು ಬಂದು ತುಂಬಿದಂತೆ ಮನೆಗಳು ಬೀದಿಯ ಮೇಲೆ ಕೋಣೆಗಳನ್ನು ಚಾಚಿದವು. ಬೇರೆ ಊರಾದರೆ ಒತ್ತುವರಿಯೆಂದು ಕೆಡವಿಸುತ್ತಿತ್ತೇನೋ. ಬೊಲೋನ್ಯಾ 1288ರಲ್ಲಿ ಶಾಸನವನ್ನೇ ಮಾಡಿ, ಪೋರ್ತಿಕೊ ಇರಲೇಬೇಕೆಂದಿತು. ಎತ್ತರವನ್ನೂ ಗೊತ್ತುಮಾಡಿತು: ಕನಿಷ್ಠ 7 ಬೊಲೋನ್ಯಾ ಅಡಿ, ಇಂದಿನ ಲೆಕ್ಕದಲ್ಲಿ 2.66 ಮೀಟರ್. ಕುದುರೆ ಸವಾರನೂ ತಲೆ ತಗ್ಗಿಸದೆ ದಾಟಬೇಕು. ಮನೆ ಹಿಗ್ಗಿಸಿಕೊಳ್ಳಿ, ಆದರೆ ಕೆಳಗೆ ದಾರಿಹೋಕರಿಗೆ ನೆರಳು ಕೊಡಿ. ಎಂಥ ಒಳ್ಳೆಯ ಚೌಕಾಶಿ!

ಪಿಯಾತ್ಸಾ ಮಜ್ಜೋರೆ ಚೌಕದ ಪಕ್ಕದ ಕ್ವಾದ್ರಿಲಾತೆರೊ ಗಲ್ಲಿಗಳಲ್ಲಿ ಮಧ್ಯಯುಗದಿಂದಲೂ ಸಂತೆ ನಡೆದಿದೆ. ಗಾಡಿಯ ಗಾಲಿಯಂಥ ಪಾರ್ಮಿಜಾನೊ ಚೀಸು, ತೂಗುಹಾಕಿದ ಮಾಂಸ, ತಟ್ಟೆಗಳಲ್ಲಿ ಉಂಗುರದಂತೆ ಸುತ್ತಿಟ್ಟ ತೊರ್ತೆಲ್ಲಿನಿ ಪಾಸ್ತಾ. ಒಂದು ಅಂಗಡಿಯ ಗಾಜಿನ ಹಿಂದೆ ಹೆಂಗಸೊಬ್ಬರು ಹಿಟ್ಟು ಲಟ್ಟಿಸುತ್ತಿದ್ದರು. ಈ ಕೆಲಸದವರನ್ನು ಸ್ಫೋಲ್ಯಿನಾ ಎನ್ನುತ್ತಾರೆ. ಮೈದಾ, ಮೊಟ್ಟೆ, ತೋಳುದ್ದದ ಲಟ್ಟಣಿಗೆ: ಸಾಮಗ್ರಿ ಇಷ್ಟೇ, ಉಳಿದದ್ದು ಕೈಯ ಹದ. ಹಾಳೆ ಎಷ್ಟು ತೆಳುವಾಗಬೇಕೆಂದರೆ, ಎತ್ತಿ ಹಿಡಿದಾಗ ಅದರಾಚೆ ಸಾನ್ ಲೂಕಾ ಗುಡ್ಡದ ಚರ್ಚು ಕಾಣಬೇಕಂತೆ. ಅಡುಗೆಯ ಹದಕ್ಕೆ ಕಟ್ಟಡವೇ ಸಾಕ್ಷಿ!

ಇದು ಬರೀ ಮಾತಿನ ಚಂದವಲ್ಲ. ಹಾಳೆಯನ್ನು ಮಡಿಸಿ ಕೊಯ್ದರೆ ತಾಲ್ಯತೆಲ್ಲೆ. ಬೆಂದಾಗ ಅದರ ಅಗಲ 8 ಮಿ.ಮೀ. ಇರಬೇಕೆಂದು 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ವಿಧಿವತ್ತಾಗಿ ದಾಖಲಿಸಿದ್ದಾರೆ. ಆ ಅಗಲ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗವೆಂದೂ ಬರೆದಿಟ್ಟಿದ್ದಾರೆ. ಗೋಪುರ 97 ಮೀಟರಿಗೂ ತುಸು ಹೆಚ್ಚು. ಭಾಗಿಸಿ ನೋಡಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೊಂದುತ್ತದೆ. ಮಧ್ಯಾಹ್ನ ಆ ಪಟ್ಟಿಗಳನ್ನು ರಾಗು ಬೆರೆಸಿ ತಿಂದೆ. ಕೊಚ್ಚಿದ ಮಾಂಸ, ಈರುಳ್ಳಿ, ಗಜ್ಜರಿ, ಸೆಲೆರಿ, ವೈನು, ಟೊಮೆಟೊ ಎಲ್ಲ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದ ಗೊಜ್ಜು ಅದು. ಲೋಕವೆಲ್ಲ ಇದನ್ನು ಸ್ಪಗೆಟ್ಟಿಯ ಜೊತೆ ಉಣ್ಣುತ್ತದೆ. ಹುಟ್ಟಿದೂರಿನಲ್ಲಿ ತಾಲ್ಯತೆಲ್ಲೆಯೇ ಬೇಕು. ಕೈಯಲ್ಲಿ ಲಟ್ಟಿಸಿದ ಪಟ್ಟಿಯ ಮೈ ತರಿತರಿ, ಗೊಜ್ಜು ಜಾರದೆ ಅಂಟುತ್ತದೆ. ಹತ್ತಿರದಲ್ಲೇ ಓಸ್ತೆರಿಯಾ ದೆಲ್ ಸೋಲೆ ಎಂಬ ಪಾನಗೃಹವಿದೆ. ಅದರ ಕಾಲ 1465. ಅಲ್ಲಿ ಕುಡಿಯಲು ಮಾತ್ರ ಕೊಡುತ್ತಾರೆ. ತಿನ್ನಲು ಸಂತೆಯಿಂದ ಬೇಕಾದ್ದನ್ನು ಕಟ್ಟಿಸಿಕೊಂಡು ಹೋಗಿ, ಅಪರಿಚಿತರ ಪಕ್ಕ ಬೆಂಚಿನಲ್ಲಿ ಬಿಚ್ಚಿ ತಿನ್ನಬಹುದು. ಸೂರು ಅವರದು, ಬುತ್ತಿ ನಮ್ಮದು. ಪೋರ್ತಿಕೊದ ನಡತೆಯೇ ಇಲ್ಲಿ ಮೇಜಿಗೂ ಬಂದಿದೆ.

ಸಂಜೆ ಸಾನ್ ಲೂಕಾ ಗುಡ್ಡ ಹತ್ತಿದೆ. ಊರಬಾಗಿಲಿನಿಂದ ಚರ್ಚಿನವರೆಗೆ ಸುಮಾರು 3.8 ಕಿ.ಮೀ., 666 ಕಮಾನುಗಳ ಒಂದೇ ಸಾಲು. ಗುಡ್ಡದ ಮರಿಯಮ್ಮನ ಚಿತ್ರಪಟವನ್ನು ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಊರಿಗೆ ಇಳಿಸುವಾಗ ಮಳೆಗೆ ನೆನೆಯಬಾರದೆಂದು 1674ರಲ್ಲಿ ಕಟ್ಟಲು ತೊಡಗಿದರು. ಹಣ ಬಂದದ್ದು ಊರವರ ಕಾಣಿಕೆಯಿಂದ. 1677ರಲ್ಲಿ ಜನ ಸಾಲಾಗಿ ನಿಂತು, ಕಟ್ಟಡದ ಸಾಮಾನನ್ನು ಕೈಯಿಂದ ಕೈಗೆ ದಾಟಿಸಿ ಗುಡ್ಡದ ಮೇಲಕ್ಕೆ ಮುಟ್ಟಿಸಿದರು.

ಏರುತ್ತ ನನಗೆ ನಮ್ಮ ಜಗಲಿಗಳ ನೆನಪಾಯಿತು. ಅವೂ ಮನೆಯವರ ಜಾಗವೇ. ದಣಿದು ಬಂದವರು ಕೇಳದೆ ಕೂರುತ್ತಿದ್ದರು. ಆದರೆ ಜಗಲಿ ಒಳ್ಳೆಯ ಮನಸ್ಸಿನ ಮೇಲೆ ನಿಂತಿತ್ತು. ಮನಸ್ಸು ಬದಲಾದಾಗ ಕಾಂಪೌಂಡು ಗೋಡೆ ಎದ್ದಿತು. ಬೊಲೋನ್ಯಾದವರು ನಮಗಿಂತ ಉದಾರಿಗಳೆಂದು ನಾನು ಹೇಳಲಾರೆ. ಅವರು ಔದಾರ್ಯಕ್ಕೆ ಅಡಿ, ಅಂಗುಲದ ಲೆಕ್ಕವಿಟ್ಟು ಶಾಸನದಲ್ಲಿ ಬರೆದರು, ಅದಕ್ಕೇ ಅದು ಏಳು ಶತಮಾನ ಉಳಿಯಿತು. ಮನೆ ಕಟ್ಟಲು ನಮ್ಮ ನಗರಗಳು ಪರವಾನಗಿ ಕೊಡುವಾಗ ಎಷ್ಟೋ ಅಳತೆ ಕೇಳುತ್ತವೆ. ಬಿಸಿಲಲ್ಲಿ ನಡೆದುಹೋಗುವವರಿಗೆ ಎಷ್ಟು ನೆರಳು ಬಿಡುತ್ತೀರಿ ಎಂಬ ಅಳತೆಯನ್ನೂ ಕೇಳಲಿ.