ಕಾಡಿನ ಅಂಚಿನಲ್ಲಿ

ನಾಗರಹೊಳೆಯ ಕಾಡು 1955ರಲ್ಲಿ ಅಭಯಾರಣ್ಯವಾಯಿತು. 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಗರದಿಂದ ಬರುವ ನಮಗೆ ಅದು ಒಂದು ದಿನದ ವಿಹಾರ. ಅದರ ಮಗ್ಗುಲಲ್ಲೇ ಬಾಳುವವರ ಮನಸ್ಸನ್ನು ನಾನು ಅರಿತದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ.

ರಾಗಿಯ ತೆನೆ ಬಲಿತ ಕಾಲ. ವೃದ್ಧ ರೈತರೊಬ್ಬರೊಡನೆ ರಾತ್ರಿ ಹೊಲದ ಅಟ್ಟಣೆಯನ್ನೇರಿ ಕುಳಿತೆ. ಕಾಡಿನಂಚಿಗೆ ಕಂದಕವಿದೆ, ವಿದ್ಯುತ್ ಬೇಲಿಯಿದೆ. ಆದರೆ ಕಂದಕದ ದಂಡೆಯನ್ನು ಕಾಲಿನಿಂದ ಕೆಡವಿ, ಮರವನ್ನು ತಂತಿಯ ಮೇಲೆ ಉರುಳಿಸಿ ದಾಟುವ ಉಪಾಯವನ್ನು ಆನೆ ಬಲ್ಲದು. ಹಿಂಡು ಹೊಕ್ಕರೆ ತಿಂಗಳುಗಳ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಸರ್ಕಾರದ ಪರಿಹಾರವೇನೋ ಉಂಟು. ಅದಕ್ಕೆ ಅರ್ಜಿ ಹಿಡಿದು ಅಲೆಯಬೇಕು. ಇಷ್ಟಾದರೂ ಆತ ಆನೆಯನ್ನು ಶಪಿಸಲಿಲ್ಲ. “ಗಣಪ್ಪನಿಗೂ ಹೊಟ್ಟೆಯಿದೆಯಲ್ಲ, ಸ್ವಾಮಿ! ನನ್ನ ಸಿಟ್ಟು ಅವನ ಮೇಲಲ್ಲ. ರಾಗಿ ಹಾಳಾದ ದಿನ ಒಂದು ಜೀಪೂ ಬರುವುದಿಲ್ಲ, ಆನೆ ಸತ್ತ ದಿನ ಹತ್ತು ಬರುತ್ತವೆ” ಎಂದರು.

ಜೇನುಕುರುಬರ ಅಳಲು ಬೇರೆ. ಅವರಿಗೆ ಕಾಡೇ ಮನೆ. ಅವರ ದೈವಗಳೂ ಹಿರಿಯರನ್ನು ಮಣ್ಣುಮಾಡಿದ ನೆಲವೂ ಅಲ್ಲಿಯೇ ಇವೆ. ಶಾಲೆ, ಆಸ್ಪತ್ರೆಗಳ ಆಸೆಯಿಂದ ಒಪ್ಪಿ ಹೊರಬಂದವರೂ ಉಂಟು. ಬರಲೊಲ್ಲದೆ, 2006ರ ಅರಣ್ಯ ಹಕ್ಕು ಕಾಯಿದೆಯನ್ನು ಮುಂದಿಟ್ಟು ತಮ್ಮ ನೆಲವನ್ನು ಕೇಳುತ್ತಿರುವವರೂ ಉಂಟು. ಇವರಲ್ಲಿ ಒಂದೇ ಗುಂಪಿನ ಮಾತನ್ನು ಕೇಳಿ ಬರೆದ ವರದಿಗಳನ್ನು ನಾನಂತೂ ಪೂರ್ಣವಾಗಿ ನಂಬಲಾರೆ.

ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿನ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕುಗಳು ದೊರೆತದ್ದೂ ಅದೇ ವರ್ಷದಲ್ಲಿ. ಈ ಸುದ್ದಿಯನ್ನು ನಾಗರಹೊಳೆಯ ಹಾಡಿಗಳವರು ಚೆನ್ನಾಗಿ ಬಲ್ಲರು.