ಅಳ್ಳಿನ ಜೋಳ

ನಮ್ಮ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವಾಗ ಬದುವಿನ ಪಕ್ಕದ ನಾಲ್ಕಾರು ಸಾಲು ಮನೆಯ ಹೆಂಗಸರ ಪಾಲಿಗೆ ಮೀಸಲಿರುತ್ತಿದ್ದವು. ರೊಟ್ಟಿಯ ಜೋಳದ ಬೀಜ ಆ ಸಾಲುಗಳಿಗೆ ಬೀಳುತ್ತಿರಲಿಲ್ಲ. ಒಂದೆರಡು ಸಾಲು ಸೀತನಿಗೆಂದು ಸಕ್ಕರಿ ಮುಕ್ಕರಿ, ಉಳಿದವು ಹುರಿದರೆ ಅರಳುವ ಅಳ್ಳಿನ ಜೋಳ. ಬೀಜ ನಮ್ಮ ಅಜ್ಜಿಯ, ಅಂದರೆ ಆಯಿಯ ಕೈಯಿಂದಲೇ ಬರಬೇಕು. ಹಿಂದಿನ ಸುಗ್ಗಿಯಲ್ಲಿ ಆರಿಸಿಟ್ಟ ತೆನೆಗಳನ್ನು ಆಕೆ ಗೊಂಚಲು ಕಟ್ಟಿ ಒಲೆಯ ಮೇಲಿನ ಜಂತಿಗೆ ತೂಗುಬಿಟ್ಟಿರುತ್ತಿದ್ದಳು. ವರ್ಷವಿಡೀ ಹೊಗೆ ಕುಡಿದ ಆ ತೆನೆಗಳಿಗೆ ಹುಳ ಮುಟ್ಟುತ್ತಿರಲಿಲ್ಲ. ಬಿತ್ತುವ ದಿನ ತೆನೆ ತಿಕ್ಕಿ, ಮರದಲ್ಲಿ ಕೇರಿ, ಉಡಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಬಂದು ಅಪ್ಪನ ಕೈಗೆ ಕೊಡುತ್ತಿದ್ದಳು. ಕೂರಿಗೆಯ ಹಿಂದೆ ನಡೆಯುತ್ತಿದ್ದ ಅಪ್ಪ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಮುಂದಿನ ನಾಗರಪಂಚಮಿಯ ಉಂಡಿ ಎಲ್ಲಿಂದ ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಧಾರವಾಡ, ಗದಗ ಸೀಮೆಯ ಬಯಲು ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಿನಿಸುಗಳು ಅಡಿಗೆಮನೆಯಲ್ಲಿ ಹುಟ್ಟಿದವಲ್ಲ, ಹೊಲದಲ್ಲೇ ಹುಟ್ಟಿ ಅಡಿಗೆಮನೆಗೆ ನಡೆದು ಬಂದವು. ಚಳಿಗಾಲದಲ್ಲಿ ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲ ಮತ್ತು ಶೇಂಗಾ ಚಟ್ನಿಯ ಜೊತೆ ಬದುವಿನ ಮೇಲೆ ಕೂತು ತಿಂದರೆ ಅದು ಸೀತನಿ. ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಕುರಡಗಿ. ಹೊರಸಿಗೆ ಮಣೆ ಆನಿಸಿ ಹೊಸೆದ ಶಾವಿಗೆ ಜೋಳದ ದಂಟಿನ ಮೇಲೆ ಒಣಗುತ್ತಿತ್ತು. ಆಷಾಢ ಕಳೆಯುತ್ತ ಬಂದು ಜಿಟಿಜಿಟಿ ಮಳೆ ಹಿಡಿದಾಗ ಅಳ್ಳು. ಈಗ ಅವೆಲ್ಲವೂ ವರ್ಷದ ಯಾವ ದಿನವಾದರೂ ಅಂಗಡಿಯಲ್ಲಿ ಸಿಗುತ್ತವೆ. ಎಲ್ಲ ಕಾಲಕ್ಕೂ ಸಿಗುವುದರಿಂದಲೇ ಯಾವುದಕ್ಕೂ ಕಾಲ ಇಲ್ಲವಾಗಿದೆ.

ಅಳ್ಳು ಹುರಿಯುವುದು ಒಬ್ಬರ ಕೆಲಸವಾಗಿರಲಿಲ್ಲ. ಹಿಂದಿನ ದಿನವೇ ಜೋಳ ಹಸನು ಮಾಡಿ, ಬಿಸಿನೀರು ಚಿಮುಕಿಸಿ, ಅರಿವೆಯಲ್ಲಿ ಗಂಟು ಕಟ್ಟಿ ಇಡಬೇಕು. ಮರುದಿನ ನೆರಳಲ್ಲಿ ಹರವಿ ಮೇಲಿನ ಹಸಿ ಆರಲು ಬಿಡಬೇಕು. ಗಟ್ಟಿ ಸಿಪ್ಪೆಯೊಳಗೆ ಸಿಕ್ಕಿಬಿದ್ದ ತೇವ ಒಮ್ಮೆಲೇ ಉಗಿಯಾಗಿ ಸಿಪ್ಪೆಯನ್ನು ಸೀಳಿದರೆ ಮಾತ್ರ ಕಾಳು ಅರಳುವುದು. ತೇವ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಎಷ್ಟು ಆರಿರಬೇಕು ಎಂದು ಕೇಳಿದರೆ ಆಯಿ ಉತ್ತರ ಕೊಡುತ್ತಿರಲಿಲ್ಲ. ನಾಲ್ಕು ಕಾಳು ನನ್ನ ಅಂಗೈಗೆ ಹಾಕಿ ತಿಕ್ಕಿಸುತ್ತಿದ್ದಳು, ಅಷ್ಟೇ.

ಒಲೆಗೆ ಹತ್ತಿಕಟಗಿಯೇ ಆಗಬೇಕು. ಜಾಲಿ ಕಟ್ಟಿಗೆ ನಿಧಾನ ಉರಿಯುತ್ತದೆ, ಕುಳ್ಳು ಕನಲುತ್ತದೆ. ಹತ್ತಿಕಟಗಿ ಮಾತ್ರ ಭಗ್ಗನೆ ಎದ್ದು ಹಂಚನ್ನು ಒಂದೇ ಉಸುರಿಗೆ ಕಾಯಿಸುತ್ತದೆ. ಅವ್ವ ಉರಿ ನೋಡಿಕೊಳ್ಳುತ್ತಿದ್ದಳು. ಆಯಿ ಕೋಲಿನ ತುದಿಗೆ ಅರಿವೆ ಸುತ್ತಿ ಕಾಳು ಆಡಿಸುತ್ತಿದ್ದಳು. ಚಿಗವ್ವ ಬುಟ್ಟಿ ಹಿಡಿದು ನಿಂತಿರುತ್ತಿದ್ದಳು. "ಉರಿ ತಗ್ಗಿದ್ರ ಅಳ್ಳು ಮುರುಟ್ತಾವು ನೋಡ ಯವ್ವಾ" ಎಂದು ಆಯಿ ಕೂಗುವಷ್ಟರಲ್ಲಿ ಮೊದಲ ಕಾಳು ಸಿಡಿಯುತ್ತಿತ್ತು. ಆಮೇಲೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ಹಂಚಿನಿಂದ ಹಾರಿದವು ಮಕ್ಕಳ ಪಾಲು. ಬೂದಿ ಹತ್ತಿದ್ದನ್ನೂ ಬಿಡದೆ ಆರಿಸಿ ತಿನ್ನುತ್ತಿದ್ದೆವು. ಬಿಳಿಯ ಅಳ್ಳು ಮರದಲ್ಲಿ ರಾಶಿಯಾದ ಮೇಲೆ ಅರಳದ ಗಡುಸು ಕಾಳನ್ನು ಕೇರಿ ತೆಗೆದು ಬೇರೆ ಇಡುತ್ತಿದ್ದರು. ಅದೂ ವ್ಯರ್ಥವಾಗುತ್ತಿರಲಿಲ್ಲ, ಕೋಳಿಗೋ ಎಮ್ಮೆಗೋ ಹೋಗುತ್ತಿತ್ತು.

ಒಂದಷ್ಟು ಅಳ್ಳು ಹಾಗೆಯೇ ತಿನ್ನಲು. ಇನ್ನೊಂದಷ್ಟಕ್ಕೆ ಒಗ್ಗರಣೆ, ಪುಟಾಣಿ, ಶೇಂಗಾ, ಒಣಕೊಬ್ಬರಿ. ಉಳಿದದ್ದು ಬೀಸುಕಲ್ಲಿಗೆ. ಅಲ್ಲಿಂದ ಬರುವ ಅಳ್ಳಿಟ್ಟು ಎಷ್ಟು ಹಗುರ ಎಂದರೆ ಬಾಗಿಲ ಗಾಳಿಗೆ ಹಾರಿಹೋಗುತ್ತದೆಂದು ಕದ ಮುಂದೆ ಮಾಡಿ ಬೀಸುತ್ತಿದ್ದರು. ಬೆಲ್ಲದ ಪಾಕ, ಏಲಕ್ಕಿ, ಕೊಬ್ಬರಿ ಸೇರಿಸಿ ಬಿಸಿ ಇರುವಾಗಲೇ ಕಟ್ಟಿದ ಆ ಉಂಡಿ ಬಾಯಿಗೆ ಇಟ್ಟರೆ ಕರಗುತ್ತಿತ್ತು. ಈಗಿನ ಸಿಹಿತಿಂಡಿಗಳಲ್ಲಿ ಸಕ್ಕರೆ ಒಂದೇ ಮಾತಾಡುತ್ತದೆ. ಅಳ್ಳಿಟ್ಟಿನಲ್ಲಿ ಮೊದಲು ಹುರಿದ ಜೋಳದ ಘಮ, ಆಮೇಲೆ ಬೆಲ್ಲ.

ಬೀಸುಕಲ್ಲಿನ ಜೊತೆ ಹಾಡೂ ಇತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸದೆ ಇದ್ದಿದ್ದರೆ ಎಷ್ಟೋ ತ್ರಿಪದಿಗಳು ಕಲ್ಲಿನ ಜೊತೆಯೇ ಮೂಲೆ ಸೇರುತ್ತಿದ್ದವು. ಆ ಪುಸ್ತಕ ಓದುವಾಗಲೆಲ್ಲ ನನಗೆ ಆ ಹಾಡುಗಳ ಹಿಂದಿನ ತೋಳುಗಳು ಕಾಣುತ್ತವೆ. ಕೋಳಿ ಕೂಗುವ ಮೊದಲೇ ಎದ್ದು ಮನೆಮಂದಿಗೆಲ್ಲ ಆಗುವಷ್ಟು ಹಿಟ್ಟು ಬೀಸಿ, ನೀರು ಸೇದಿ, ಸಗಣಿ ಬಳಿದು, ರೊಟ್ಟಿ ಬಡಿದು, ಬುತ್ತಿ ಹೊತ್ತು ಹೊಲಕ್ಕೆ ಹೋದ ತೋಳುಗಳು ಅವು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಅವ್ವ ಅತ್ತಿರಲಿಕ್ಕಿಲ್ಲ, ನಿಟ್ಟುಸಿರು ಬಿಟ್ಟಿರಬೇಕು. ಗ್ಯಾಸಿನ ಒಲೆ ಬಂದಾಗ ಆಯಿಯ ಕಣ್ಣಿನ ಉರಿ ನಿಂತಿತು. ಆ ದುಡಿಮೆ ತಿರುಗಿ ಬರಲಿ ಎಂದು ನಾನು ಯಾವ ಹೆಣ್ಣುಮಗಳಿಗೂ ಹೇಳಲಾರೆ. ನನ್ನ ಸಂಕಟ ಬೇರೆ. ಹೆಣ್ಣಿನ ಬೆನ್ನ ಮೇಲಿನ ಹೊರೆ ಇಳಿಸುವಾಗ ಆಕೆಯ ಕೈಯೊಳಗಿದ್ದ ವಿದ್ಯೆಯನ್ನೂ ಯಾಕೆ ಇಳಿಸಿಬಿಟ್ಟೆವು? ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊರಗೆ ಹಾಕಿದವರು ಯಾರು?

ಶ್ರಾವಣ ಶುದ್ಧ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅದಕ್ಕೂ ಮುಂಚೆ ರೊಟ್ಟಿ ಪಂಚಮಿ. ಎಳ್ಳು ಹಚ್ಚಿದ ಸಜ್ಜೆಯ ಕಟಿರೊಟ್ಟಿ, ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಪುಡಿ, ಅಗಸಿ ಪುಡಿ, ಕೆಂಪು ಖಾರ, ಎಲ್ಲವನ್ನೂ ತಟ್ಟೆಗೆ ಹಾಕಿ ಮನೆಮನೆಗೆ ಬೀರುವುದು. ತಟ್ಟೆ ಹಿಡಿದು ಓಣಿ ತಿರುಗುವವರು ಮಕ್ಕಳು. ಯಾರ ಮನೆಯ ರೊಟ್ಟಿ ತೆಳ್ಳಗೆ, ಯಾರ ಅಗಸಿ ಪುಡಿಗೆ ಬೆಳ್ಳುಳ್ಳಿ ಹೆಚ್ಚು ಎಂಬುದು ಇಡೀ ಓಣಿಗೆ ಗೊತ್ತು. ಕೊಟ್ಟ ತಟ್ಟೆ ಬರಿದಾಗಿ ತಿರುಗಿ ಬರುತ್ತಿರಲಿಲ್ಲ. ಹೀಗಾಗಿ ರಾತ್ರಿ ಊಟಕ್ಕೆ ಕೂತಾಗ ನಮ್ಮ ಬುಟ್ಟಿಯಲ್ಲಿ ನಮ್ಮ ಮನೆಯ ರೊಟ್ಟಿ ಹುಡುಕಿದರೂ ಸಿಗುತ್ತಿರಲಿಲ್ಲ, ಓಣಿಯ ಅಷ್ಟೂ ಮನೆಗಳ ರೊಟ್ಟಿ ಇರುತ್ತಿತ್ತು. ಮರುದಿನ ನಾಗಪ್ಪನಿಗೆ ಹಾಲೆರೆಯುವುದು. ಆಮೇಲೆ ಉಂಡಿಗಳ ಸುಗ್ಗಿ: ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಪುಟಾಣಿ ತಂಬಿಟ್ಟು, ಅನುಕೂಲ ಇದ್ದವರ ಮನೆಯಲ್ಲಿ ಬೇಸನ್ ಉಂಡಿ. ಏನೂ ಇಲ್ಲದವರ ಮನೆಯಲ್ಲೂ ಅಳ್ಳಿಟ್ಟಿನ ಉಂಡಿ ಇತ್ತು, ಅದಕ್ಕೆ ಬೇಕಾದ ಜೋಳ ಯಾರದಾದರೂ ಹೊಲದಿಂದ ಬಂದಿರುತ್ತಿತ್ತು. ಬೇವಿನ ಮರಕ್ಕೆ ಜೋಕಾಲಿ. ಒಣಕೊಬ್ಬರಿ ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ ಗರಗರ ತಿರುಗಿಸುತ್ತ, ನಡುನಡುವೆ ಅಂಚು ಕಚ್ಚುತ್ತ, ಸಂಜೆಯ ಹೊತ್ತಿಗೆ ಆಟಿಗೆಯನ್ನೇ ತಿಂದು ಮುಗಿಸುವ ಹುಡುಗರು.

ಅಣ್ಣನೋ ತಮ್ಮನೋ ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುತ್ತಿದ್ದ. ಬಾಣಂತಿಯೋ ತುಂಬಿದ ಬಸುರಿಯೋ ಆಗಿ ಬರಲಾರದವಳಿಗೆ ಉಂಡಿಯ ಗಂಟು ಹೋಗುತ್ತಿತ್ತು. ಪಂಚಮಿ ಮುಗಿದ ವಾರದಲ್ಲಿ ನಮ್ಮ ಕಡೆಯ ಬಸ್ಸುಗಳಲ್ಲಿ ಗಂಡಸರ ಕಾಲ ಬುಡದಲ್ಲಿ ಬಟ್ಟೆ ಬಿಗಿದ ಡಬ್ಬಿಗಳು ಇರುತ್ತಿದ್ದವು. ಆ ಡಬ್ಬಿ ಬಿಚ್ಚಿದ ಹೆಣ್ಣುಮಗಳು ಉಂಡಿಯ ಗಾತ್ರ ನೋಡಿಯೇ ಇದು ಅವ್ವ ಕಟ್ಟಿದ್ದು, ಇದು ವೈನಿ ಕಟ್ಟಿದ್ದು ಎಂದು ಹೇಳಬಲ್ಲವಳಾಗಿದ್ದಳು. ಈಗಲೂ ಉಂಡಿ ಹೋಗುತ್ತವೆ, ಕೊರಿಯರ್‌ನಲ್ಲಿ ಬೆಂಗಳೂರು ಪುಣೆಗಳಿಗೆ, ಎಲ್ಲವೂ ಒಂದೇ ಅಳತೆಯವು.

ಹಾಗಾದರೆ ಅಳ್ಳು ಎಲ್ಲಿ ಹೋಯಿತು? ಹೆಣ್ಣುಮಕ್ಕಳಿಗೆ ಸೋಮಾರಿತನ ಬಂತು ಎಂದು ಹಳಬರು ಬೈಯುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಅಡಿಗೆಮನೆಯಿಂದ ಹೋಗುವುದಕ್ಕೆ ಮುಂಚೆಯೇ ಅಳ್ಳು ಹೊಲದಿಂದ ಹೋಗಿತ್ತು. 1930ರ ದಶಕದಲ್ಲಿ ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ಆರಿಸಿದ ಮಾಲದಂಡಿ ಜೋಳ ನಮ್ಮ ಬಯಲನ್ನೆಲ್ಲ ತುಂಬಿಕೊಂಡಿತು. ಅದು ಒಳ್ಳೆಯ ಜೋಳವೇ, ಅದರ ರೊಟ್ಟಿಯ ಮೇಲೆಯೇ ನಾವು ಬೆಳೆದದ್ದು. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಹೈಬ್ರಿಡ್ ಜೋಳ ಬಂತು, ಇಳುವರಿ ಏರಿತು. ಅಷ್ಟಾದರೂ ಬದುವಿನ ಸಾಲುಗಳು ಉಳಿದಿದ್ದವು. ಆಮೇಲೆ ಗೋವಿನಜೋಳ ಬಂತು, 2002ರಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿ ಬಂತು, ಹಿಂಗಾರಿ ಹೊಲಗಳಿಗೆ ಕಡಲೆ ಬಂತು. ಜೋಳ ಕೀಳಲು, ತೆನೆ ಮುರಿಯಲು ಆಳು ಸಿಗುವುದಿಲ್ಲ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಗೆ ಕಣಿಕೆ ಯಾತಕ್ಕೆ? ದನವಿಲ್ಲದ ಮನೆಗೆ ಜೋಳ ನಷ್ಟದ ಬೆಳೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ತಟ್ಟೆಗೆ ಅಕ್ಕಿ ಬಂತು, ಹಸಿವು ಹಿಂದೆ ಸರಿಯಿತು. ಅದನ್ನು ಬೇಡ ಎನ್ನುವ ನಾಲಿಗೆ ನನಗಿಲ್ಲ. ಆದರೆ ಇಷ್ಟೆಲ್ಲ ನಡೆಯುವಾಗ ಬೀಜದ ತೆನೆ ಕಟ್ಟುತ್ತಿದ್ದ ಆಯಿಯಂಥವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಜಂತಿಗೆ ತೂಗುತ್ತಿದ್ದ ಗೊಂಚಲು ಒಂದು ವರ್ಷ ಬಿತ್ತಲಿಲ್ಲ, ಮರುವರ್ಷವೂ ಬಿತ್ತಲಿಲ್ಲ. ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಅದು ಮಣ್ಣಿನ ಜೊತೆ ಹೋಯಿತು. ನೆಲದೊಳಗೆ ಕಾಳು ತುಂಬಿಡುತ್ತಿದ್ದ ಊರಿನ ಹಗೇವುಗಳನ್ನೂ ಹಾಗೆಯೇ ಮುಚ್ಚಿದರು. ಕೆಲವದರ ಮೇಲೆ ಈಗ ಸಿಮೆಂಟಿನ ರಸ್ತೆ ಹಾದಿದೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿದಾಗ ನಗರದ ಮೇಳಗಳಲ್ಲಿ ಜೋಳದ ಅಳ್ಳಿನ ಪೊಟ್ಟಣಗಳು ಕಂಡವು, ಮಸಾಲೆ ಬೆರೆಸಿದವು, ಚಾಕೊಲೇಟ್ ಲೇಪಿಸಿದವು. ಕೊಂಡೆ. ರುಚಿ ಕೆಟ್ಟದ್ದೇನಲ್ಲ. ನಮ್ಮ ಕಡೆಯ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳು ಕಟಿರೊಟ್ಟಿ, ಶೇಂಗಾ ಉಂಡಿ, ಚಟ್ನಿಪುಡಿ ಮಾಡಿ ಮಾರಿ ನಾಲ್ಕು ದುಡ್ಡು ಕಾಣುತ್ತಿದ್ದಾರೆ. ಹಿಂದೆ ಇದೇ ಕೆಲಸಕ್ಕೆ ಕೂಲಿಯೂ ಇರಲಿಲ್ಲ, ಒಂದು ಒಳ್ಳೆಯ ಮಾತೂ ಇರಲಿಲ್ಲ. ಇದು ನಿಜವಾದ ಏಳಿಗೆ. ಆದರೂ ಅದೇ ಹೆಣ್ಣುಮಕ್ಕಳ ಮಕ್ಕಳು ಹಗಲೆಲ್ಲ ಐದು ರೂಪಾಯಿಯ ಕುರುಕಲು ಪೊಟ್ಟಣ ಹರಿಯುತ್ತ ಓಡಾಡುವುದನ್ನು ನೋಡಿದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಒಳ್ಳೆಯದು ಪೇಟೆಗೆ ಹೋಗುತ್ತದೆ, ಪೇಟೆಯ ಕಸ ಊರಿಗೆ ಬರುತ್ತದೆ. ಮುಂಜಾನೆ ಕಸ ಗುಡಿಸುವಾಗ ಅಂಗಳದಲ್ಲಿ ಸಿಗುವುದು ಅದರದೇ ಹೊಳೆಯುವ ಹಾಳೆಗಳು.

ಆಯಿ ಹೋದಳು, ಅವ್ವನಿಗೆ ಈಗ ನೆಲಕ್ಕೆ ಕೂರಲಾಗುವುದಿಲ್ಲ. ಚಿಗವ್ವ ಮಾತ್ರ ಪ್ರತಿ ಶ್ರಾವಣಕ್ಕೆ ಹಟ ಹಿಡಿಯುತ್ತಾಳೆ. ರೋಣದ ಕಡೆಯ ಬೀಗರ ಊರಲ್ಲಿ ಒಬ್ಬ ರೈತ ಇನ್ನೂ ಅಳ್ಳಿನ ಜೋಳ ಬಿತ್ತುತ್ತಾನಂತೆ. ಅವನ ಮನೆಯಿಂದ ಒಂದೆರಡು ಸೇರು ತರಿಸುತ್ತಾಳೆ. ಗ್ಯಾಸಿನ ಮೇಲೆ ಹುರಿದದ್ದು ಮನಸ್ಸಿಗೆ ಬರಲಿಲ್ಲವೆಂದು ಹಿತ್ತಲಲ್ಲಿ ಮೂರು ಕಲ್ಲು ಹೂಡಿಸಿ, ಹತ್ತಿಕಟಗಿ ಎಲ್ಲಾದರೂ ಸಿಗುತ್ತದೆಯೇ ಎಂದು ಓಣಿಯೆಲ್ಲ ಕೇಳಿಸುತ್ತಾಳೆ. ಹೋದ ವರ್ಷ ಆಕೆಯ ಮೊಮ್ಮಗಳು ಮೊಬೈಲಿನಲ್ಲಿ ಇದನ್ನೆಲ್ಲ ಚಿತ್ರೀಕರಿಸುತ್ತ ನಿಂತಿದ್ದಳು. "ಅದನ್ನ ಇಟ್ಟು ಬಾ, ಕೋಲು ಹಿಡಿ" ಎಂದು ಚಿಗವ್ವ ಗದರಿದಳು. ಹುಡುಗಿ ಕೋಲು ಹಿಡಿದಳು. ಮೊದಲ ಹಂಚಿನದು ಕರಕಲಾಯಿತು, ಎರಡನೆಯದು ಅರ್ಧ ಅರಳಿತು. ಆಮೇಲೆ ಆಕೆಗೆ ಕೈ ಹತ್ತಿತು.

ಊರು ಬಿಟ್ಟು ದೂರ ಇರುವ ನಮ್ಮಂಥವರು ಪಂಚಮಿಗೆಂದು ಹಬ್ಬದ ದಿನ ಬಸ್ಸಿಳಿಯುತ್ತೇವೆ. ಆ ಹೊತ್ತಿಗೆ ಉಂಡಿ ಡಬ್ಬಿ ಸೇರಿರುತ್ತವೆ, ಒಲೆ ಆರಿರುತ್ತದೆ. ಮಕ್ಕಳ ಪಾಲಿಗೆ ಉಂಡಿ ಎಂದರೆ ಡಬ್ಬಿಯಿಂದ ಬರುವ ವಸ್ತು. ಈ ಸಲ ನಾಲ್ಕು ದಿನ ಮೊದಲೇ ಹೋಗಬೇಕು, ಅವರನ್ನೂ ಕರೆದುಕೊಂಡು. ಜೋಳಕ್ಕೆ ನೀರು ಚಿಮುಕಿಸುವ ದಿನಕ್ಕೇ ಅಲ್ಲಿರಬೇಕು. ಚಿಗವ್ವನಂಥವರು ಓಣಿಗೊಬ್ಬರಾದರೂ ಇನ್ನೂ ಇದ್ದಾರೆ. ಎದ್ದು ನಿಂತು ಹುರಿಯುವ ಶಕ್ತಿ ಅವರಿಗೆ ಉಳಿದಿಲ್ಲದಿದ್ದರೆ ಒಲೆಯ ಪಕ್ಕ ಕುರ್ಚಿ ಹಾಕಿ ಕೂರಿಸಿದರೆ ಸಾಕು, ಬೈದು ಬೈದೇ ಕಲಿಸುತ್ತಾರೆ.